ಶ್ರೀರಂಗಪಟ್ಟಣದಲ್ಲಿ ಮಂಗಳೂರು ಕ್ಯಾಥೊಲಿಕರ ಸೆರೆವಾಸ

ಶ್ರೀರಂಗಪಟ್ಟಣದಲ್ಲಿ ಮಂಗಳೂರು ಕ್ಯಾಥೊಲಿಕರ ಸೆರೆವಾಸವು 1784ರಿಂದ 1799ರವರೆಗೆ, ಅಂದರೆ ಸುಮಾರು 15 ವರ್ಷಗಳ ಕಾಲ, ಕೆನರಾ ಕರಾವಳಿಯ ಕೊಂಕಣಿ ಭಾಷಿಕ ಕ್ಯಾಥೊಲಿಕ್ ಕ್ರೈಸ್ತರು ಮೈಸೂರಿನ ದೊರೆ ಟಿಪ್ಪು ಸುಲ್ತಾನನ ರಾಜಧಾನಿಯಲ್ಲಿ ಅನುಭವಿಸಿದ ಬಂಧನವಾಗಿದೆ. ಎರಡನೆಯ ಆಂಗ್ಲೋ-ಮೈಸೂರು ಯುದ್ಧದ ಕೊನೆಯಲ್ಲಿ ಇವರನ್ನು ಕುಟುಂಬಸಹಿತ ಸೆರೆಹಿಡಿದು, ಪಶ್ಚಿಮ ಘಟ್ಟಗಳ ಮೂಲಕ ನಡೆಸಿಕೊಂಡು ಹೋಗಿ ಶ್ರೀರಂಗಪಟ್ಟಣದಲ್ಲಿ ಇರಿಸಲಾಯಿತು. ಅವರ ಚರ್ಚುಗಳನ್ನು ಕೆಡವಲಾಯಿತು, ಪಾದ್ರಿಗಳನ್ನು ಗಡೀಪಾರು ಮಾಡಲಾಯಿತು ಮತ್ತು ಸೆರೆಯಾದವರಲ್ಲಿ ಬಹುಮಂದಿಯನ್ನು ಇಸ್ಲಾಂ ಧರ್ಮಕ್ಕೆ ಸೇರಿಸಲಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನಗೊಂಡಾಗ ಸೆರೆವಾಸ ಕೊನೆಗೊಂಡಿತು. ಬದುಕುಳಿದವರಲ್ಲಿ ಸಾವಿರಾರು ಜನ ಕರಾವಳಿಗೆ ಹಿಂದಿರುಗಿ ಮತ್ತೆ ತಮ್ಮ ಧರ್ಮಸಭೆಯನ್ನು ಕಟ್ಟಿಕೊಂಡರು. ಕೊಂಕಣಿಯಲ್ಲಿ ಈ ಅವಧಿಯನ್ನು ‘ಬಾಂದ್‌ಪಾಸ್’ ಎಂದು ಕರೆಯುವ ರೂಢಿಯಿದೆ.

ಸೆರೆಯಾದವರ ಸಂಖ್ಯೆ, ಬಂಧನದ ಕಾರಣ ಮತ್ತು ಸೆರೆಯಲ್ಲಿದ್ದವರು ತಮ್ಮ ನಂಬಿಕೆಯನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡರು ಎಂಬ ಮೂರು ವಿಷಯಗಳಲ್ಲಿ ಸಮಕಾಲೀನ ಬರಹಗಾರರಿಗೂ ನಂತರದ ಚರಿತ್ರಕಾರರಿಗೂ ಒಮ್ಮತವಿಲ್ಲ.

ಹಿನ್ನೆಲೆ

ಮಂಗಳೂರು ಕ್ಯಾಥೊಲಿಕರ ಪೂರ್ವಜರಲ್ಲಿ ಹೆಚ್ಚಿನವರು 16ನೆಯ ಶತಮಾನದಿಂದ 18ನೆಯ ಶತಮಾನದ ಮಧ್ಯದವರೆಗೆ ಗೋವೆಯಿಂದ ಹಲವು ಅಲೆಗಳಲ್ಲಿ ವಲಸೆ ಬಂದವರು. ಬರಗಾಲ, ಪೋರ್ಚುಗೀಸರ ತೆರಿಗೆ, 1560ರಲ್ಲಿ ಗೋವೆಯಲ್ಲಿ ಆರಂಭವಾದ ಧಾರ್ಮಿಕ ವಿಚಾರಣಾ ನ್ಯಾಯಾಲಯದ ಕಾಠಿಣ್ಯ ಹಾಗೂ ಗೋವೆಯ ಮೇಲೆ ನಡೆದ ಮರಾಠರ ದಾಳಿಗಳು ಈ ವಲಸೆಗೆ ಕಾರಣಗಳಾದವು. ಕೃಷಿಯಲ್ಲಿ ನುರಿತಿದ್ದ ಇವರಿಗೆ ಕೆಳದಿಯ ನಾಯಕರು ಆಶ್ರಯ ನೀಡಿದರು. ನೇತ್ರಾವತಿಯಿಂದ ಉತ್ತರದ ಕಲ್ಯಾಣಪುರ, ಬಾರ್ಕೂರುಗಳವರೆಗೆ ಇವರ ನೆಲೆಗಳು ಹಬ್ಬಿದವು. ಮಂಗಳೂರಿನ ಬೋಳಾರದ ರೊಸಾರಿಯೊ ಚರ್ಚು 1568ರಲ್ಲಿಯೂ ಮಿಲಾಗ್ರಿಸ್ ಚರ್ಚು 1680ರಲ್ಲಿಯೂ ಸ್ಥಾಪನೆಗೊಂಡವು.

1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದಾಗ ಕೆನರಾ ಪ್ರದೇಶವೂ ಮೈಸೂರಿನ ವಶವಾಯಿತು. 1768ರಲ್ಲಿ ಬ್ರಿಟಿಷರು ಮಂಗಳೂರನ್ನು ಕೆಲಕಾಲ ಹಿಡಿದುಕೊಂಡಾಗ ಸ್ಥಳೀಯ ಕ್ರೈಸ್ತರು ಅವರಿಗೆ ನೆರವಾದರೆಂಬ ಸಂಶಯ ಮೊದಲ ಬಾರಿಗೆ ತಲೆದೋರಿತು. ಹೈದರನು ಕೆಲವರನ್ನು ಶಿಕ್ಷಿಸಿದನಾದರೂ ಸಮುದಾಯವನ್ನು ಒಟ್ಟಾಗಿ ಗುರಿಮಾಡಲಿಲ್ಲ. ಅವನ ಕಾಲದಲ್ಲಿ ಚರ್ಚುಗಳು ನಡೆಯುತ್ತಿದ್ದವು. ಅವನ ಸೈನ್ಯದಲ್ಲಿ ಕ್ರೈಸ್ತರೂ ಇದ್ದರು.

ಎರಡನೆಯ ಆಂಗ್ಲೋ-ಮೈಸೂರು ಯುದ್ಧದ (1780–1784) ನಡುವೆ, 1782ರ ಡಿಸೆಂಬರ್ 7ರಂದು ಹೈದರ್ ಅಲಿ ನಿಧನನಾದನು. 1783ರ ಆರಂಭದಲ್ಲಿ ಜನರಲ್ ರಿಚರ್ಡ್ ಮ್ಯಾಥ್ಯೂಸ್‌ನ ನೇತೃತ್ವದ ಮುಂಬಯಿಯ ಬ್ರಿಟಿಷ್ ಸೇನೆ ಬಿದನೂರನ್ನೂ ಮಂಗಳೂರನ್ನೂ ವಶಪಡಿಸಿಕೊಂಡಿತು. ಟಿಪ್ಪು ಬಿದನೂರನ್ನು ಮರಳಿ ಗೆದ್ದು, ಮಂಗಳೂರು ಕೋಟೆಗೆ ದೀರ್ಘಕಾಲದ ಮುತ್ತಿಗೆ ಹಾಕಿದನು. ಕರ್ನಲ್ ಕ್ಯಾಂಪ್‌ಬೆಲ್‌ನ ಕಾವಲು ಪಡೆ 1784ರ ಜನವರಿ 30ರಂದು ಶರಣಾಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಈ ಯುದ್ಧದಲ್ಲಿ ಕ್ಯಾಥೊಲಿಕರು ಮ್ಯಾಥ್ಯೂಸ್‌ನ ಸೇನೆಗೆ ಹಣವನ್ನೂ ದವಸಧಾನ್ಯವನ್ನೂ ಒದಗಿಸಿದರೆಂಬುದು ಅವರ ಮೇಲೆ ಹೊರಿಸಲಾದ ಮುಖ್ಯ ಆರೋಪ. ಕೋಟೆಯ ಶರಣಾಗತಿಗೂ ಒಪ್ಪಂದಕ್ಕೂ ನಡುವಿನ ವಾರಗಳಲ್ಲಿಯೇ ಬಂಧನ ನಡೆಯಿತು.

ಬಂಧನ

ಸಮುದಾಯದ ನೆನಪಿನಲ್ಲಿ ಬಂಧನದ ದಿನವು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಆರಂಭವಾಗುವ ವಿಭೂತಿ ಬುಧವಾರ. ಹಲವು ಗ್ರಂಥಗಳು ಈ ದಿನವನ್ನು 1784ರ ಫೆಬ್ರವರಿ 24 ಎಂದು ನಮೂದಿಸುತ್ತವೆ. ಪಂಚಾಂಗದ ಲೆಕ್ಕದಲ್ಲಿ ಆ ವರ್ಷದ ಈಸ್ಟರ್ ಏಪ್ರಿಲ್ 11ರಂದು ಬಂದುದರಿಂದ ವಿಭೂತಿ ಬುಧವಾರವು ಫೆಬ್ರವರಿ 25ಕ್ಕೆ ಬೀಳುತ್ತದೆ. ಅಧಿಕಾರಿಗಳಿಗೆ ಮುಂಚಿತವಾಗಿ ಗುಟ್ಟಾಗಿ ಆದೇಶ ಕಳುಹಿಸಿ, ಬೇರೆ ಬೇರೆ ಊರುಗಳ ಕ್ರೈಸ್ತರನ್ನು ಏಕಕಾಲದಲ್ಲಿ ಹಿಡಿಯಲಾಯಿತೆಂದು ವೃತ್ತಾಂತಗಳು ಹೇಳುತ್ತವೆ. ಅವರ ಮನೆ, ಜಮೀನು ಮತ್ತು ಚರಾಸ್ತಿಗಳನ್ನು ಮುಟ್ಟುಗೋಲು ಹಾಕಿಕೊಳ್ಳಲಾಯಿತು.

ಪಾದ್ರಿಗಳನ್ನು ಗೋವೆಗೆ ಗಡೀಪಾರು ಮಾಡಿ, ಹಿಂದಿರುಗಿದರೆ ಮರಣದಂಡನೆಯೆಂದು ಎಚ್ಚರಿಸಲಾಯಿತು. ನಾಶವಾದ ಚರ್ಚುಗಳ ಸಂಖ್ಯೆಯನ್ನು ಸಾಮಾನ್ಯವಾಗಿ 27 ಎಂದು ಕೊಡಲಾಗುತ್ತದೆ. ಮೂಡುಬಿದಿರೆಯ ಸಮೀಪದ ಹೊಸಪೇಟೆಯ ಚರ್ಚು ಮಾತ್ರ ಅಲ್ಲಿನ ಜೈನ ಅರಸ ಚೌಟನ ಕೋರಿಕೆಯ ಮೇರೆಗೆ ಉಳಿಯಿತು ಎಂಬುದು ಪ್ರಚಲಿತವಾಗಿರುವ ವಿವರಣೆ. ಬಂಟ್ವಾಳದ ಸಮೀಪದ ನೆತ್ತರಕೆರೆ ಎಂಬ ಸ್ಥಳನಾಮಕ್ಕೂ ಈ ಕಾಲದ ಹತ್ಯೆಗಳಿಗೂ ಸ್ಥಳೀಯ ಐತಿಹ್ಯವು ಸಂಬಂಧ ಕಲ್ಪಿಸುತ್ತದೆ.

ಸಂಖ್ಯೆ

ಸೆರೆಯಾದವರ ಸಂಖ್ಯೆಯ ಬಗ್ಗೆ 30,000ದಿಂದ 80,000ದವರೆಗೆ ಅಂದಾಜುಗಳಿವೆ. ಹೆಚ್ಚಾಗಿ ಉಲ್ಲೇಖವಾಗುವ 60,000 ಎಂಬ ಅಂಕಿಯನ್ನು ಟಿಪ್ಪುವಿನ ಆಸ್ಥಾನದ ಪರ್ಷಿಯನ್ ವೃತ್ತಾಂತವಾದ ‘ಸುಲ್ತಾನ್-ಉತ್-ತವಾರಿಖ್’ನಿಂದ ಎತ್ತಿಕೊಳ್ಳಲಾಗಿದೆ. ಅಬ್ಬೆ ದ್ಯುಬುವಾ ಎಂಬ ಫ್ರೆಂಚ್ ಪಾದ್ರಿಯೂ ಇದೇ ಪ್ರಮಾಣವನ್ನು ಹೇಳಿದ್ದಾನೆ. ಶ್ರೀರಂಗಪಟ್ಟಣದಲ್ಲಿಯೇ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಆಂಗ್ಲನು ಸುಮಾರು 30,000 ಎಂದು ಬರೆದಿದ್ದಾನೆ. ಆ ಕಾಲದಲ್ಲಿ ಜನಗಣತಿ ಇರಲಿಲ್ಲ. ಗೆದ್ದವರಿಗೂ ಸಂತ್ರಸ್ತರಿಗೂ ದೊಡ್ಡ ಸಂಖ್ಯೆಯನ್ನು ಹೇಳಲು ತಮ್ಮದೇ ಕಾರಣಗಳಿದ್ದವು. ಆದ್ದರಿಂದ ಈ ಅಂಕಿಗಳನ್ನು ಅಂದಾಜುಗಳೆಂದೇ ಪರಿಗಣಿಸಲಾಗುತ್ತದೆ. ಸಮುದಾಯದ ಬಹುಭಾಗ ಬಂಧನಕ್ಕೊಳಗಾಯಿತು ಎಂಬುದರಲ್ಲಿ ಮಾತ್ರ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ.

ಪ್ರಯಾಣ

ಕರಾವಳಿಯಿಂದ ಶ್ರೀರಂಗಪಟ್ಟಣಕ್ಕೆ ಘಟ್ಟದ ದಾರಿಯಲ್ಲಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರವಿದೆ. ವೃದ್ಧರು, ಗರ್ಭಿಣಿಯರು ಮತ್ತು ಮಕ್ಕಳನ್ನೂ ಒಳಗೊಂಡಿದ್ದ ಗುಂಪುಗಳು ಕಾವಲಿನಲ್ಲಿ ಈ ದೂರವನ್ನು ಕಾಲ್ನಡಿಗೆಯಲ್ಲಿ ಕ್ರಮಿಸಿದವು. ಹಸಿವು, ಆಯಾಸ ಮತ್ತು ರೋಗಗಳಿಂದ ದಾರಿಯಲ್ಲಿಯೇ ಬಹಳ ಮಂದಿ ಸತ್ತರು. ಪಯಣವು ಸುಮಾರು ಆರು ವಾರ ಹಿಡಿಯಿತೆಂದು ಹೇಳಲಾಗುತ್ತದೆ. ಹಾಗಿದ್ದಲ್ಲಿ ತಪಸ್ಸುಕಾಲವೆಲ್ಲ ಅವರಿಗೆ ದಾರಿಯಲ್ಲಿಯೇ ಕಳೆದಿರಬೇಕು.

ಸೆರೆಯಲ್ಲಿನ ಬದುಕು

ಶ್ರೀರಂಗಪಟ್ಟಣದಲ್ಲಿ ಗಂಡಸರಿಗೆ ಸುನ್ನತಿ ಮಾಡಿಸಿ ಹೊಸ ಹೆಸರುಗಳನ್ನು ಇಡಲಾಯಿತು. ದೇಹದಾರ್ಢ್ಯವುಳ್ಳ ಯುವಕರನ್ನು ಸೈನ್ಯದ ದಳಗಳಿಗೆ ಸೇರಿಸಲಾಯಿತು. ಹೀಗೆ ಮತಾಂತರಗೊಂಡವರನ್ನು ಆಡಳಿತದ ದಾಖಲೆಗಳಲ್ಲಿ ‘ಅಹ್ಮದಿ’ ಎಂಬ ಹೆಸರಿನಿಂದ ಗುರುತಿಸಲಾಗುತ್ತಿತ್ತು. ಪ್ರತಿಭಟಿಸಿದವರಿಗೆ ಕಿವಿ, ಮೂಗು ಕೊಯ್ಯುವಂತಹ ಅಂಗಚ್ಛೇದದ ಶಿಕ್ಷೆಗಳನ್ನೂ ಮರಣದಂಡನೆಯನ್ನೂ ವಿಧಿಸಲಾಯಿತೆಂದು ಬಿಡುಗಡೆಯಾದವರ ಹಾಗೂ ಬ್ರಿಟಿಷ್ ಸೆರೆಯಾಳುಗಳ ಕಥನಗಳು ತಿಳಿಸುತ್ತವೆ. ಹೆಣ್ಣುಮಕ್ಕಳನ್ನು ಬಲವಂತವಾಗಿ ಕುಟುಂಬಗಳಿಂದ ಬೇರ್ಪಡಿಸಿ ಮದುವೆ ಮಾಡಿಸಿದ ವಿವರಗಳೂ ಅವುಗಳಲ್ಲಿವೆ.

ಈ ಕಥನಗಳಲ್ಲಿ ಪ್ರಮುಖವಾದುದು ‘ಬಾರ್ಕೂರು ಹಸ್ತಪ್ರತಿ’. ಸೆರೆಯಿಂದ ಮರಳಿದ ಬಾರ್ಕೂರಿನ ಕ್ಯಾಥೊಲಿಕನೊಬ್ಬನು ಕನ್ನಡದಲ್ಲಿ ಬರೆದ ಈ ದಾಖಲೆಯು, ಅಧಿಕಾರಿಗಳ ಅಥವಾ ಪಾದ್ರಿಗಳ ಬರಹಗಳಿಗಿಂತ ಭಿನ್ನವಾಗಿ, ಸೆರೆಯನ್ನು ಸ್ವತಃ ಅನುಭವಿಸಿದ ಸಾಮಾನ್ಯನೊಬ್ಬನ ಹೇಳಿಕೆಯಾಗಿದೆ.

ಪಾದ್ರಿಗಳಿಲ್ಲದ ಧರ್ಮಾಚರಣೆ

ಸೆರೆವಾಸದ ಧಾರ್ಮಿಕ ಪರಿಣಾಮವನ್ನು ತಿಳಿಯಲು ಕ್ಯಾಥೊಲಿಕ್ ಆಚರಣೆಯಲ್ಲಿ ಪಾದ್ರಿಯ ಸ್ಥಾನವನ್ನು ಗಮನಿಸಬೇಕಾಗುತ್ತದೆ. ಬಲಿಪೂಜೆಯನ್ನು ಅರ್ಪಿಸಲು ಮತ್ತು ಪಾಪನಿವೇದನೆಯನ್ನು ಆಲಿಸಿ ಕ್ಷಮೆ ನೀಡಲು ದೀಕ್ಷೆ ಪಡೆದ ಗುರುವೇ ಬೇಕು. ಪಾದ್ರಿಗಳು ಗಡೀಪಾರಾದುದರಿಂದ ಈ ಸಂಸ್ಕಾರಗಳು ಸೆರೆಯಾಳುಗಳಿಗೆ ಎಟುಕದಂತಾದವು. ಆದರೆ ತುರ್ತು ಸಂದರ್ಭದಲ್ಲಿ ಜ್ಞಾನಸ್ನಾನವನ್ನು ಯಾವ ವ್ಯಕ್ತಿಯಾದರೂ ನೀಡಬಹುದು ಎಂಬುದು ಧರ್ಮಸಭೆಯ ಪ್ರಾಚೀನ ನಿಯಮ. ನೀರು ಹಾಗೂ ನಿಗದಿತ ಪ್ರಾರ್ಥನಾವಾಕ್ಯ ಇದ್ದರೆ ಸಾಕು. ಕಂಠಪಾಠವಾದ ಪ್ರಾರ್ಥನೆಗಳಿಗೂ ಜಪಸರಕ್ಕೂ ಪಾದ್ರಿಯ ಅಗತ್ಯವಿಲ್ಲ.

ಕೆನರಾದ ಚರ್ಚುಗಳಲ್ಲಿ ‘ಗುರ್ಕಾರ’ರೆಂಬ ಗೃಹಸ್ಥ ಮುಖಂಡರ ವ್ಯವಸ್ಥೆ ಬೇರೂರಿತ್ತು. ಆಯಾ ಕೇರಿಯ ಕುಟುಂಬಗಳ ಪ್ರಾರ್ಥನೆ, ಮದುವೆ, ಮರಣಗಳ ಮೇಲ್ವಿಚಾರಣೆ ಅವರ ಹೊಣೆಯಾಗಿತ್ತು. ಸೆರೆಯಲ್ಲಿಯೂ ಇಂತಹ ಹಿರಿಯರು ಮತ್ತು ಮನೆಯ ಹೆಂಗಸರು ಮಕ್ಕಳಿಗೆ ಗುಟ್ಟಾಗಿ ಪ್ರಾರ್ಥನೆಗಳನ್ನು ಕಲಿಸಿದರೆಂಬುದು ಸಮುದಾಯದ ಪರಂಪರೆ. 1784ರಲ್ಲಿ ಹಸುಗೂಸಾಗಿದ್ದವರು 1799ರಲ್ಲಿ ಹದಿನೈದು ವರ್ಷದವರಾಗಿದ್ದರು. ಅವರಿಗೆ ಬುದ್ಧಿ ತಿಳಿದಾಗಿನಿಂದ ಚರ್ಚನ್ನಾಗಲಿ ಪಾದ್ರಿಯನ್ನಾಗಲಿ ಕಂಡ ನೆನಪಿರಲು ಸಾಧ್ಯವಿರಲಿಲ್ಲ. ಅಂಥವರೂ ಸೇರಿದಂತೆ ಸಾವಿರಾರು ಮಂದಿ ಬಿಡುಗಡೆಯಾದ ಕೂಡಲೇ ಕ್ರೈಸ್ತರಾಗಿ ಗುರುತಿಸಿಕೊಂಡುದು, ಮನೆಯೊಳಗಿನ ಕಲಿಕೆ ಪೂರ್ಣವಾಗಿ ನಿಂತಿರಲಿಲ್ಲ ಎಂಬುದಕ್ಕೆ ಪರೋಕ್ಷ ಆಧಾರವಾಗಿದೆ.

ಕೊಡಗಿನಲ್ಲಿ ಆಶ್ರಯ

ಮೂರನೆಯ ಆಂಗ್ಲೋ-ಮೈಸೂರು ಯುದ್ಧದ (1790–1792) ಅವಧಿಯಲ್ಲಿ ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣವನ್ನು ಮುತ್ತಿದಾಗ ಸೆರೆಯಾಳುಗಳಲ್ಲಿ ಕೆಲವರು ತಪ್ಪಿಸಿಕೊಂಡರು. ಅವರಲ್ಲಿ ಒಂದು ಗುಂಪು ಕೊಡಗಿಗೆ ಹೋಯಿತು. ಟಿಪ್ಪುವಿನ ಸೆರೆಯಿಂದ ತಾನೂ ತಪ್ಪಿಸಿಕೊಂಡು ಬಂದಿದ್ದ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರನು ಇವರಿಗೆ ತಾನು ಹೊಸದಾಗಿ ಕಟ್ಟಿಸಿದ ವೀರರಾಜೇಂದ್ರಪೇಟೆಯಲ್ಲಿ, ಅಂದರೆ ಇಂದಿನ ವಿರಾಜಪೇಟೆಯಲ್ಲಿ, ನೆಲೆ ಕೊಟ್ಟನು. ಚರ್ಚಿಗೂ ಜಾಗ ನೀಡಿದನು. 1792ರಲ್ಲಿ ಸ್ಥಾಪನೆಯಾದ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಮೂಲ ಇದೇ ಆಗಿದೆ. ಶ್ರೀರಂಗಪಟ್ಟಣದಲ್ಲಿ ಸೆರೆವಾಸ ಇನ್ನೂ ಮುಂದುವರಿಯುತ್ತಿದ್ದಾಗಲೇ ಅದೇ ಸಮುದಾಯದ ಒಂದು ಭಾಗ ಕೊಡಗಿನಲ್ಲಿ ಬಹಿರಂಗವಾಗಿ ಪೂಜೆ ಸಲ್ಲಿಸುತ್ತಿತ್ತು.

ಬಿಡುಗಡೆ ಮತ್ತು ಮರಳುವಿಕೆ

1799ರ ಮೇ 4ರಂದು ಟಿಪ್ಪು ಯುದ್ಧದಲ್ಲಿ ಮಡಿದನು. ಆ ಬಳಿಕ ಉಳಿದ ಸೆರೆಯಾಳುಗಳು ಬಿಡುಗಡೆ ಹೊಂದಿದರು. ಬದುಕುಳಿದು ಕ್ರೈಸ್ತಧರ್ಮಕ್ಕೆ ಮರಳಿದವರು 15,000ದಿಂದ 20,000 ಎಂದು ಸಾಮಾನ್ಯವಾಗಿ ಅಂದಾಜಿಸಲಾಗುತ್ತದೆ. ಅವರಲ್ಲಿ ಹೆಚ್ಚಿನವರು ಕರಾವಳಿಗೆ ಹೋದರು. ಕೆಲವರು ಮೈಸೂರು ಸೀಮೆಯಲ್ಲಿಯೇ ನೆಲೆಸಿದರು. ಇಸ್ಲಾಂ ಧರ್ಮದಲ್ಲಿಯೇ ಮುಂದುವರಿದವರೂ ಇದ್ದರು. ಹದಿನೈದು ವರ್ಷಗಳಲ್ಲಿ ಹೊಸ ಸಂಸಾರ ಹೂಡಿದವರಿಗೆ, ವಿಶೇಷವಾಗಿ ಹೆಂಗಸರಿಗೆ, ಮರಳಿ ಹೋಗುವುದು ಸುಲಭದ ಆಯ್ಕೆಯಾಗಿರಲಿಲ್ಲ.

ಕರಾವಳಿಯಲ್ಲಿ ಅವರ ಜಮೀನುಗಳು ಇತರರ ಕೈಸೇರಿದ್ದವು. ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೋ (1799–1800) ಮತ್ತು ಅವನ ನಂತರದ ಅಧಿಕಾರಿಗಳ ಕಾಲದಲ್ಲಿ ಕೆಲವರಿಗೆ ಭೂಮಿ ಮರಳಿ ದೊರೆಯಿತು. ಉಳಿದವರು ಗೇಣಿ ಮತ್ತು ಕೂಲಿಯಿಂದ ಬದುಕನ್ನು ಹೊಸದಾಗಿ ಆರಂಭಿಸಬೇಕಾಯಿತು. ಗೋವೆಯಿಂದ ಪಾದ್ರಿಗಳು ಬಂದರು, ಕೆಡವಿದ ಚರ್ಚುಗಳ ಸ್ಥಳದಲ್ಲಿ ಹೊಸವು ಎದ್ದವು. ರೊಸಾರಿಯೊ ಚರ್ಚನ್ನು 1813ರಲ್ಲಿ ಮತ್ತೆ ಕಟ್ಟಲಾಯಿತು.

ಅಬ್ಬೆ ದ್ಯುಬುವಾನ ಸಾಕ್ಷ್ಯ

ಶ್ರೀರಂಗಪಟ್ಟಣದ ಪತನದ ನಂತರ ಮೈಸೂರು ಸೀಮೆಯ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು ಬಂದವನು ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಜಾನ್ ಆಂತ್ವಾನ್ ದ್ಯುಬುವಾ. ಜನರು ಇವನನ್ನು ‘ದೊಡ್ಡ ಸ್ವಾಮಿ’ ಎಂದು ಕರೆಯುತ್ತಿದ್ದರು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸುವ ಕಾರ್ಯದಲ್ಲಿ ತೊಡಗಿದ ಇವನು, ಹಾಸನ ಜಿಲ್ಲೆಯ ಸಾತಳ್ಳಿಯಲ್ಲಿ ಕ್ರೈಸ್ತ ಕೃಷಿಕರ ನೆಲೆಯನ್ನೂ ಏರ್ಪಡಿಸಿದನು. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದ ಸ್ಥಳದಲ್ಲಿ 1818ರಲ್ಲಿ ಚಿಕ್ಕ ಪ್ರಾರ್ಥನಾಲಯವನ್ನು ಕಟ್ಟಿಸಿದವನೂ ಇವನೇ.

1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಭಾರತದ ಕ್ರೈಸ್ತಧರ್ಮದ ಸ್ಥಿತಿಗತಿ ಕುರಿತ ತನ್ನ ಪತ್ರಗಳ ಸಂಗ್ರಹದಲ್ಲಿ ದ್ಯುಬುವಾ ಈ ಸೆರೆವಾಸವನ್ನು ಕಟುವಾಗಿ ವಿಮರ್ಶಿಸಿದನು. ಇಷ್ಟು ಸಾವಿರ ಮಂದಿಯಲ್ಲಿ ಒಬ್ಬನಾದರೂ ತನ್ನ ನಂಬಿಕೆಯನ್ನು ಬಹಿರಂಗವಾಗಿ ಘೋಷಿಸಿ ಪ್ರಾಣ ಕೊಡಲಿಲ್ಲ, ಎಲ್ಲರೂ ಸಾಮೂಹಿಕವಾಗಿ ಧರ್ಮತ್ಯಾಗ ಮಾಡಿದರು ಎಂಬುದು ಅವನ ಆರೋಪ. ಆದರೆ ಮುಂದಿನ ಮಾತುಗಳಲ್ಲಿ ಅವನೇ ಇದಕ್ಕೆ ಪೂರಕವಾದ ಮತ್ತೊಂದು ಸಂಗತಿಯನ್ನು ದಾಖಲಿಸಿದ್ದಾನೆ. ಟಿಪ್ಪುವಿನ ಮರಣದ ನಂತರ ಇವರಲ್ಲಿ ಬಹುಪಾಲು ಜನ ಧರ್ಮಸಭೆಯೊಂದಿಗೆ ರಾಜಿಯಾಗಲು ಬಂದರು. ತಾವು ತ್ಯಜಿಸಿದ್ದು ಹೊರನೋಟಕ್ಕೆ ಮಾತ್ರ, ಹೃದಯದಲ್ಲಿ ನಂಬಿಕೆಯನ್ನು ಇಟ್ಟುಕೊಂಡೇ ಇದ್ದೆವು ಎಂದು ಹೇಳಿದರು. ಸುಮಾರು 2,000 ಮಂದಿ ದ್ಯುಬುವಾನ ಬಳಿಗೇ ಬಂದರೆ, 20,000ದಷ್ಟು ಜನ ಮಂಗಳೂರು ಸೀಮೆಗೆ ಮರಳಿದರೆಂದು ಅವನು ಬರೆಯುತ್ತಾನೆ.

ಅವನ ಆರೋಪವನ್ನು ಸಮುದಾಯದ ಚರಿತ್ರಕಾರರು ಒಪ್ಪುವುದಿಲ್ಲ. ಪ್ರತಿಭಟಿಸಿ ಅಂಗಚ್ಛೇದಕ್ಕೂ ಮರಣಕ್ಕೂ ಒಳಗಾದವರ ಬಗ್ಗೆ ಬಾರ್ಕೂರು ಹಸ್ತಪ್ರತಿಯೂ ಸೇರಿದಂತೆ ಇತರ ಕಥನಗಳು ಹೇಳುತ್ತವೆ. ದ್ಯುಬುವಾ ಬಂಧನದ ಪ್ರತ್ಯಕ್ಷದರ್ಶಿಯಲ್ಲ. ಅವನು ಭಾರತಕ್ಕೆ ಬಂದುದೇ 1792ರಲ್ಲಿ.

ನಿಷ್ಠೆಯ ಪ್ರಶ್ನೆ

ವಿರೋಧದ ಮುಂದೆ ನಂಬಿಕೆಯಲ್ಲಿ ಉಳಿಯುವುದೆಂದರೆ ಏನು ಎಂಬ ಪ್ರಶ್ನೆ ಕ್ರೈಸ್ತಧರ್ಮದಷ್ಟೇ ಹಳೆಯದು. ಕ್ರಿ.ಶ. 250ರ ಸುಮಾರಿಗೆ ರೋಮನ್ ಚಕ್ರವರ್ತಿ ಡೀಶಿಯಸ್ ಎಲ್ಲ ಪ್ರಜೆಗಳೂ ದೇವತೆಗಳಿಗೆ ಬಲಿ ಸಲ್ಲಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞಾಪಿಸಿದಾಗ ಅನೇಕ ಕ್ರೈಸ್ತರು ಮಣಿದರು. ಹಿಂಸೆ ತಣ್ಣಗಾದ ಮೇಲೆ ಅವರನ್ನು ಮರಳಿ ಸೇರಿಸಿಕೊಳ್ಳಬೇಕೇ ಎಂಬ ವಿವಾದ ಎದ್ದಿತು. ಸೇರಿಸಿಕೊಳ್ಳಕೂಡದೆಂದು ನೊವೇಶಿಯನ್ ವಾದಿಸಿದನು. ಕಾರ್ಥೇಜಿನ ಬಿಷಪ್ ಸಿಪ್ರಿಯನ್‌ನ ನೇತೃತ್ವದಲ್ಲಿ 251ರಲ್ಲಿ ಸೇರಿದ ಸಭೆಯು, ಪ್ರಾಯಶ್ಚಿತ್ತದ ನಂತರ ಅಂಥವರನ್ನು ಸ್ವೀಕರಿಸಬಹುದೆಂದು ನಿರ್ಣಯಿಸಿತು. ಶ್ರೀರಂಗಪಟ್ಟಣದಿಂದ ಮರಳಿದವರನ್ನು ಧರ್ಮಸಭೆ ಸ್ವೀಕರಿಸಿದುದು ಇದೇ ಪರಂಪರೆಗೆ ಅನುಗುಣವಾಗಿತ್ತು.

ಜಪಾನಿನ ಗುಪ್ತ ಕ್ರೈಸ್ತರ ಇತಿಹಾಸ ಇದಕ್ಕೆ ಹತ್ತಿರದ ಇನ್ನೊಂದು ಉದಾಹರಣೆ. 1614ರಲ್ಲಿ ಅಲ್ಲಿ ಕ್ರೈಸ್ತಧರ್ಮ ನಿಷೇಧಗೊಂಡ ನಂತರ, ಪವಿತ್ರ ಚಿತ್ರಗಳನ್ನು ತುಳಿದು ತಾವು ಕ್ರೈಸ್ತರಲ್ಲವೆಂದು ತೋರಿಸುವಂತೆ ಜನರನ್ನು ಒತ್ತಾಯಿಸಲಾಗುತ್ತಿತ್ತು. ಹಾಗೆ ತುಳಿದವರ ವಂಶಸ್ಥರೇ ಪಾದ್ರಿಗಳಿಲ್ಲದೆ ಪ್ರಾರ್ಥನೆಯನ್ನೂ ಜ್ಞಾನಸ್ನಾನವನ್ನೂ ಉಳಿಸಿಕೊಂಡು, 1865ರಲ್ಲಿ ನಾಗಸಾಕಿಯ ಚರ್ಚಿಗೆ ಬಂದು ತಮ್ಮ ಗುರುತನ್ನು ತಿಳಿಸಿದರು.

ಈ ಹಿನ್ನೆಲೆಯಲ್ಲಿ ನೋಡಿದಾಗ ದ್ಯುಬುವಾನ ತೀರ್ಪಿಗೂ ಮರಳಿ ಬಂದವರ ವಿವರಣೆಗೂ ಇರುವ ಅಂತರವು ನಿಷ್ಠೆಯ ಎರಡು ಅಳತೆಗೋಲುಗಳ ನಡುವಿನ ಅಂತರವಾಗಿದೆ. ಮೊದಲನೆಯದು ಪರೀಕ್ಷೆಯ ಕ್ಷಣದಲ್ಲಿ ಬಾಯಿಬಿಟ್ಟು ಹೇಳಿದ ಮಾತನ್ನು ಅಳೆಯುತ್ತದೆ. ಎರಡನೆಯದು ಭಯ ನಿವಾರಣೆಯಾದಾಗ ಜನರು ಎಲ್ಲಿಗೆ ಮರಳಿದರೆಂಬುದನ್ನು ಅಳೆಯುತ್ತದೆ. ಮಕ್ಕಳು ಜೊತೆಯಲ್ಲಿದ್ದ, ಆಯ್ಕೆಯನ್ನು ಒಬ್ಬೊಬ್ಬರಾಗಿ ಮಾಡಲು ಅವಕಾಶವಿಲ್ಲದಿದ್ದ ಸೆರೆಯಲ್ಲಿ ಮೊದಲನೆಯ ಅಳತೆಗೆ ಸಿಗದ ಸಂಗತಿಗಳು ಬಹಳವಿದ್ದವು.

ಕಾರಣಗಳ ಕುರಿತ ಚರ್ಚೆ

ಬಂಧನದ ಕಾರಣದ ಬಗ್ಗೆ ಚರಿತ್ರಕಾರರಲ್ಲಿ ಮುಖ್ಯವಾಗಿ ಎರಡು ನಿಲುವುಗಳಿವೆ. ಒಂದು ನಿಲುವಿನ ಪ್ರಕಾರ ಇದು ಧಾರ್ಮಿಕ ದಮನ. ಗೋವೆ ಹಾಗೂ ಕರಾವಳಿಯಲ್ಲಿ ಪೋರ್ಚುಗೀಸರು ಮುಸಲ್ಮಾನರಿಗೆ ಮಾಡಿದ ಅನ್ಯಾಯಕ್ಕೆ ಪ್ರತೀಕಾರವೆಂದು ಟಿಪ್ಪುವಿನ ಕಡೆಯ ವೃತ್ತಾಂತವೇ ಈ ಕ್ರಮವನ್ನು ಸಮರ್ಥಿಸುವುದನ್ನೂ, ಚರ್ಚುಗಳ ನಾಶ ಮತ್ತು ಬಲವಂತದ ಸುನ್ನತಿಯನ್ನೂ ಈ ನಿಲುವಿನವರು ಆಧಾರವಾಗಿ ಕೊಡುತ್ತಾರೆ.

ಇನ್ನೊಂದು ನಿಲುವಿನಂತೆ ಇದು ಮುಖ್ಯವಾಗಿ ರಾಜಕೀಯ ಶಿಕ್ಷೆ. ‘ಹಿಸ್ಟರಿ ಆಫ್ ಟಿಪ್ಪು ಸುಲ್ತಾನ್’ ಗ್ರಂಥದ ಕರ್ತೃ ಮೊಹಿಬ್ಬುಲ್ ಹಸನ್ ಈ ವಾದದ ಪ್ರಮುಖ ಪ್ರತಿಪಾದಕರು. ಯುದ್ಧದಲ್ಲಿ ಶತ್ರುವಿಗೆ ನೆರವಾದ ಆರೋಪವೇ ಬಂಧನಕ್ಕೆ ಕಾರಣವೆಂದೂ, ಟಿಪ್ಪು 1791ರಲ್ಲಿ ಮರಾಠಾ ಪಡೆಗಳಿಂದ ಲೂಟಿಗೊಳಗಾದ ಶೃಂಗೇರಿ ಮಠಕ್ಕೆ ನೆರವು ನೀಡಿದನೆಂದೂ, ಆರ್ಮೇನಿಯನ್ ಕ್ರೈಸ್ತ ವ್ಯಾಪಾರಿಗಳನ್ನು ತನ್ನ ರಾಜ್ಯಕ್ಕೆ ಆಹ್ವಾನಿಸಿದನೆಂದೂ ಈ ನಿಲುವಿನವರು ತೋರಿಸುತ್ತಾರೆ. ಕಾರಣ ರಾಜಕೀಯವಾಗಿದ್ದರೂ ಶಿಕ್ಷೆಯ ಸ್ವರೂಪ ಧಾರ್ಮಿಕವಾಗಿತ್ತು ಮತ್ತು ಆರೋಪಕ್ಕೆ ಸಂಬಂಧವಿಲ್ಲದ ಹೆಂಗಸರು, ಮಕ್ಕಳೂ ಅದಕ್ಕೆ ಗುರಿಯಾದರು ಎಂಬುದನ್ನು ಈ ವಾದದ ವಿಮರ್ಶಕರು ಎತ್ತಿಹೇಳುತ್ತಾರೆ. ಸಮುದಾಯದ ಇತಿಹಾಸಕಾರರಲ್ಲಿ ಸೆವೆರಿನ್ ಸಿಲ್ವಾ ಹಾಗೂ ಅಲನ್ ಮಚಾದೊ ಪ್ರಭು ಈ ಕಾಲವನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಮಚಾದೊ ಅವರ ‘ಸ್ಲೇವ್ಸ್ ಆಫ್ ಸುಲ್ತಾನ್ಸ್’ (2015) ಗ್ರಂಥವು ಇದೇ ವಿಷಯಕ್ಕೆ ಮೀಸಲಾಗಿದೆ.

ಪರಿಣಾಮ ಮತ್ತು ಸ್ಮರಣೆ

ಸೆರೆವಾಸವು ಮಂಗಳೂರು ಕ್ಯಾಥೊಲಿಕರ ಸಾಮುದಾಯಿಕ ಅಸ್ಮಿತೆಯನ್ನು ರೂಪಿಸಿದ ಪ್ರಧಾನ ಘಟನೆಗಳಲ್ಲಿ ಒಂದು. ಗೋವೆಯಿಂದ ಹಲವು ಅಲೆಗಳಲ್ಲಿ ಬಂದು ಚದುರಿ ನೆಲೆಸಿದ್ದ ಕುಟುಂಬಗಳು ಒಂದೇ ಸಂಕಟವನ್ನು ಹಂಚಿಕೊಂಡು ಮರಳಿದ ಮೇಲೆ ತಮ್ಮನ್ನು ಗೋವೆಯವರಿಗಿಂತ ಭಿನ್ನವಾದ ಸಮುದಾಯವೆಂದು ಗುರುತಿಸಿಕೊಳ್ಳುವ ಪ್ರವೃತ್ತಿ ಬಲಗೊಂಡಿತು. ಮುಂದಿನ ಶತಮಾನದಲ್ಲಿ ಈ ಸಮುದಾಯ ಶಿಕ್ಷಣಕ್ಕೆ ವಿಶೇಷ ಒತ್ತು ನೀಡಿತು. 1878ರಲ್ಲಿ ಯೇಸುಸಭೆಯ ಪಾದ್ರಿಗಳು ಮಂಗಳೂರಿಗೆ ಬಂದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. 1887ರಲ್ಲಿ ಮಂಗಳೂರು ಧರ್ಮಪ್ರಾಂತವು ಅಸ್ತಿತ್ವಕ್ಕೆ ಬಂದಿತು.

ಕೊಂಕಣಿ ಸಾಹಿತ್ಯದಲ್ಲಿ ಸೆರೆವಾಸದ ವಸ್ತು ಮತ್ತೆ ಮತ್ತೆ ಕಾಣಿಸಿಕೊಂಡಿದೆ. ‘ಖಡಾಪ್’ ಎಂಬ ಕಾವ್ಯನಾಮದ ವಿ. ಜೆ. ಪಿ. ಸಲ್ಡಾನ್ಹಾ ಅವರ ಐತಿಹಾಸಿಕ ಕಾದಂಬರಿ ‘ಬೆಳ್ತಂಗಡಿಚೊ ಬಲ್ತಜಾರ್’ ಇವುಗಳಲ್ಲಿ ಹೆಸರಾಗಿದೆ. ಮಂಗಳೂರಿನ ಮಿಲಾಗ್ರಿಸ್ ಹಾಗೂ ರೊಸಾರಿಯೊ, ಮೂಡುಬಿದಿರೆ ಬಳಿಯ ಹೊಸಪೇಟೆ ಮತ್ತು ಕೊಡಗಿನ ವಿರಾಜಪೇಟೆಯ ಚರ್ಚುಗಳು ಈ ಇತಿಹಾಸದೊಂದಿಗೆ ನೇರ ಸಂಬಂಧವುಳ್ಳ, ಇಂದಿಗೂ ಪೂಜೆ ನಡೆಯುತ್ತಿರುವ ಸ್ಥಳಗಳಾಗಿವೆ. ಇವುಗಳಲ್ಲಿ ಮೊದಲೆರಡು ಕೆಡವಿದ ನೆಲದ ಮೇಲೆ ಮತ್ತೆ ಎದ್ದವು. ಮೂರನೆಯದನ್ನು ಜೈನ ಅರಸನೊಬ್ಬನ ಮಾತು ಉಳಿಸಿತು. ನಾಲ್ಕನೆಯದು ಕೊಡಗಿನ ರಾಜನು ಕೊಟ್ಟ ಜಾಗದಲ್ಲಿ ನಿಂತಿದೆ.